ಅಂಗನವಾಡಿಗೆ ಬೀಗ ಹಾಕಿದರೆ ಏನೇನು ನಿಲ್ಲುತ್ತದೆ?

ಜುಲೈ ಬಂತೆಂದರೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಬೆಳಗ್ಗೆ ಎದ್ದವರು ಮೊದಲು ವಾಟ್ಸಾಪ್ ನೋಡುತ್ತಾರೆ. ಇವತ್ತು ರಜೆ ಇದೆಯೋ ಇಲ್ಲವೋ ಅಂತ. ಹಳ್ಳ ತುಂಬಿ ಹರಿಯುವಾಗ, ಮರ ಬಿದ್ದು ದಾರಿ ಕಟ್ಟಿದಾಗ ಪುಟ್ಟ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಸರಿಯೇ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಇದೇ ಅಭ್ಯಾಸ ರೋಗ ಬಂದಾಗಲೂ ಮುಂದುವರಿಯುತ್ತದೆ. ಏನಾದರೂ ಹಬ್ಬಿತು ಅಂದ ಕೂಡಲೇ ಕೈ ಹೋಗುವುದು ಅಂಗನವಾಡಿಯ ಬೀಗದ ಕಡೆಗೆ. ಮಳೆ ರಜೆ ಎರಡು ದಿನದ್ದು. ರೋಗದ ರಜೆ ಎಷ್ಟು ದಿನದ್ದು ಅಂತ ಹಾಕುವವರಿಗೂ ಗೊತ್ತಿರುವುದಿಲ್ಲ.

ಕೊರೊನಾ ಕಾಲದ ತಾರೀಕುಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. 2020ರ ಮಾರ್ಚ್‌ನಲ್ಲಿ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಮುಚ್ಚಿದವು. ಅದೇ ವರ್ಷ ಮೇ 4ಕ್ಕೆ ಮದ್ಯದಂಗಡಿ ತೆರೆಯಿತು. ಎರಡನೇ ಅಲೆ ಇಳಿದ ಮೇಲೆ, 2021ರ ಆಗಸ್ಟ್ 23ಕ್ಕೆ 9ರಿಂದ 12ನೇ ತರಗತಿ ಶುರುವಾದವು. ಸೆಪ್ಟೆಂಬರ್ 6ಕ್ಕೆ 6ರಿಂದ 8. ಅಕ್ಟೋಬರ್ 25ಕ್ಕೆ 1ರಿಂದ 5. ಎಲ್ಲರ ಸರದಿ ಮುಗಿದ ಮೇಲೆ, ನವೆಂಬರ್ 8ಕ್ಕೆ ಅಂಗನವಾಡಿ, ಎಲ್‌ಕೆಜಿ, ಯುಕೆಜಿ. ಹತ್ತಿರ ಹತ್ತಿರ 20 ತಿಂಗಳು. ಮೂರು ವರ್ಷದ ಮಗುವಿಗೆ ಅದು ಹುಟ್ಟಿದಂದಿನಿಂದ ಕಳೆದ ಕಾಲದ ಅರ್ಧಕ್ಕಿಂತ ಜಾಸ್ತಿ.

ನಡುವೆ ದೊಡ್ಡ ಮಕ್ಕಳಿಗಾಗಿ ಏನೇನೋ ಪ್ರಯತ್ನ ನಡೆದವು. 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ ಹುಡುಕಿಕೊಂಡು ಹೋಗಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು, ಅದು ಬೇರೆ ಮಾತು. ಅದರಲ್ಲಿ ಇದ್ದದ್ದು 1ರಿಂದ 10ನೇ ತರಗತಿಯವರು ಮಾತ್ರ. ಮೂರರಿಂದ ಆರು ವರ್ಷದವರ ಲೆಕ್ಕವೇ ಇರಲಿಲ್ಲ. 2021ರ ಜನವರಿ 13ರಂದು ಸುಪ್ರೀಂ ಕೋರ್ಟ್, ಕಂಟೈನ್‌ಮೆಂಟ್ ವಲಯ ಬಿಟ್ಟು ಉಳಿದ ಕಡೆ ಅಂಗನವಾಡಿ ತೆರೆಯುವ ಬಗ್ಗೆ ಅದೇ ತಿಂಗಳ ಕೊನೆಯೊಳಗೆ ತೀರ್ಮಾನ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ನಮ್ಮಲ್ಲಿ ತೆರೆಯಲು ಅಲ್ಲಿಂದ ಇನ್ನೂ ಒಂಬತ್ತು ತಿಂಗಳ ಮೇಲೆ ಬೇಕಾಯಿತು.

ಚಿಕ್ಕವರು ಯಾವಾಗಲೂ ಸಾಲಿನ ಕೊನೆಗೆ ಹೋಗುವುದಕ್ಕೆ ಕಾನೂನಿನಲ್ಲೂ ಒಂದು ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಅದಕ್ಕಿಂತ ಚಿಕ್ಕವರ ಬಗ್ಗೆ ಅದರ 11ನೇ ಸೆಕ್ಷನ್ ಹೇಳುವುದು ಇಷ್ಟೇ: ಸರ್ಕಾರ ವ್ಯವಸ್ಥೆ ಮಾಡಬಹುದು. 2020ರ ಶಿಕ್ಷಣ ನೀತಿಯೇನೋ ಮಗುವಿನ ಮೆದುಳು ಶೇ 85ಕ್ಕಿಂತ ಹೆಚ್ಚು ಬೆಳೆಯುವುದು ಆರು ವರ್ಷದೊಳಗೆ ಅನ್ನುತ್ತದೆ. ಆದರೆ ಆದೇಶ ಹೊರಡುವಾಗ ಎದುರಿಗೆ ಇರುವುದು ಕಾಯ್ದೆ. ನೀತಿಯ ಪುಸ್ತಕ ಕಪಾಟಿನಲ್ಲಿರುತ್ತದೆ.

ಅಂಗನವಾಡಿ ಅಂದರೆ ಹಾಡು, ಆಟ, ಉಪ್ಪಿಟ್ಟು ಅಂತ ತುಂಬಾ ಜನ ತಿಳಿದಿದ್ದಾರೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅವತ್ತೇ ಅದರ ತಲೆಯ ಮೇಲೆ ಆರು ಕೆಲಸ ಹೊರಿಸಿದ್ದರು. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಹೇಳುವುದು. 2017ರಲ್ಲಿ ಮಾತೃಪೂರ್ಣ ಬಂದ ಮೇಲೆ ಗರ್ಭಿಣಿ, ಬಾಣಂತಿಯರ ಮಧ್ಯಾಹ್ನದ ಊಟವೂ ಅಲ್ಲೇ. ಬೀಗ ಒಂದೇ. ಅದರ ಹಿಂದೆ ನಿಲ್ಲುವುದು ಇಷ್ಟೆಲ್ಲ. ಆರೋಗ್ಯದ ಹೆಸರಿನಲ್ಲಿ ಹಾಕುವ ಬೀಗದಿಂದ ನಿಲ್ಲುವುದರಲ್ಲಿ ಮುಕ್ಕಾಲು ಪಾಲು ಆರೋಗ್ಯದ ಕೆಲಸವೇ.

ಊಟವನ್ನೇ ತಗೊಳ್ಳಿ. 2020ರ ಮಳೆಗಾಲದಲ್ಲಿ ಸಕಲೇಶಪುರದ ಕಡೆ ಒಂದು ಊರಿನಲ್ಲಿ ಅಂಗನವಾಡಿ ಟೀಚರ್ ಮನೆಮನೆಗೆ ರೇಷನ್ ಹಂಚುವುದನ್ನು ನೋಡಿದ್ದೆ. ಕೊಡೆ ಹಿಡಿಯಲು ಕೈಯೇ ಇರಲಿಲ್ಲ. ಒಂದು ಕೈಯಲ್ಲಿ ಮೊಟ್ಟೆಯ ಟ್ರೇ, ಇನ್ನೊಂದರಲ್ಲಿ ಸಹಿ ಹಾಕಿಸುವ ಪುಸ್ತಕ. ಪುಸ್ತಕ ನೆನೆಯಬಾರದೆಂದು ಅದಕ್ಕೆ ಹಾಲಿನ ಪುಡಿಯ ಖಾಲಿ ಕವರ್ ಸುತ್ತಿದ್ದರು. ಹಿಂದೆ ಸಹಾಯಕಿಯ ತಲೆಯ ಮೇಲೆ ಅಕ್ಕಿ, ಬೇಳೆಯ ಚೀಲ. ಒಂದು ಮನೆಯ ಬಾಗಿಲಲ್ಲಿ ಮಗುವಿನ ತಾಯಿ ಮೊಟ್ಟೆ ಎಣಿಸಿಕೊಳ್ಳುತ್ತಾ, "ಟೀಚರೇ, ಇದು ಪಾಪುಗೆ ಅಂತ ನಂಗೂ ಗೊತ್ತು. ಆದ್ರೆ ಇವನ ಅಣ್ಣ, ಅಕ್ಕ ಇಬ್ರೂ ಬಾಯಿ ನೋಡ್ತಾ ಕೂತಿರ್ವಾಗ ಒಬ್ನಿಗೆ ಹೆಂಗೆ ಬೇಯ್ಸಿ ಕೊಡ್ಲಿ?" ಅಂದರು. ಟೀಚರ್ ಏನೂ ಹೇಳಲಿಲ್ಲ. ಪುಸ್ತಕ ಮುಂದೆ ಹಿಡಿದರು.

ಆ ತಾಯಿ ಹೇಳಿದ್ದರಲ್ಲಿ ಇಡೀ ಸಮಸ್ಯೆ ಇದೆ. ಅಂಗನವಾಡಿಯ ತಟ್ಟೆಯಲ್ಲಿ ಹಾಕಿದ್ದು ಆ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮನೆಗೆ ಕೊಟ್ಟದ್ದು ಮನೆಯ ಪಾತ್ರೆಗೆ ಹೋಗುತ್ತದೆ. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂಬ ಲೆಕ್ಕ ಆಗ 2013ರ ಆಹಾರ ಭದ್ರತಾ ಕಾಯ್ದೆಯಲ್ಲಿತ್ತು. 2023ರಲ್ಲಿ ಆ ಲೆಕ್ಕ ಬದಲಾಯಿತು. ಐದು ಜನರ ಪಾತ್ರೆಗೆ ಬಿದ್ದರೆ ಅದು ಐದು ಪಾಲಾಗುತ್ತದೆ, ಅಲ್ವಾ? ಕೂಲಿ ನಿಂತ ತಿಂಗಳಲ್ಲಿ ಮಗುವಿನ ಪಾಲನ್ನಷ್ಟೇ ಕಳಿಸಿದರೆ ಸಾಲದು. ಮನೆಯವರಿಗೂ ಸೇರಿಸಿ ಕಳಿಸಬೇಕು, ಇಲ್ಲವೇ ಬೇಯಿಸಿದ್ದನ್ನು ಮಗುವಿನ ಎದುರಿಗೇ ಕೊಡಬೇಕು. ಅದೇ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಕೊಡಬೇಕಾದ ಆಹಾರ ಕೊಡದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. ಇದನ್ನು ಕೇಳಿ ಪಡೆದವರನ್ನು ನಾನಂತೂ ನೋಡಿಲ್ಲ. ಕೇಳಬಹುದು ಅಂತ ಗೊತ್ತಿದ್ದವರೂ ಕಡಿಮೆ.

ಹಾಗಾದರೆ ರೋಗ ಬಂದಾಗ ಮುಚ್ಚಲೇಬಾರದಾ? ಹಾಗಲ್ಲ. ಯಾವ ರೋಗ, ಅದು ಹೇಗೆ ಹರಡುತ್ತದೆ ಅಂತ ನೋಡದೆ ಮುಚ್ಚಬಾರದು. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಕಾಯಿಲೆಗಳನ್ನೇ ತಗೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಡೆಂಗಿ ಮಗುವಿನಿಂದ ಮಗುವಿಗೆ ನೇರವಾಗಿ ಹರಡುವುದಿಲ್ಲ. ಸೊಳ್ಳೆ ಬೇಕು. ಆ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. 2024ರ ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಡೆಂಗಿ ಜಾಸ್ತಿಯಾಗಿತ್ತು. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ಇಟ್ಟಿತು. ಇಂಥ ರೋಗಕ್ಕೆ ಅಂಗನವಾಡಿ ಮುಚ್ಚಿದರೆ ಏನು ಲಾಭ? ಅಲ್ಲಿ ಕಚ್ಚುವ ಸೊಳ್ಳೆ ಮನೆಯಲ್ಲಿ ಕಚ್ಚುತ್ತದೆ. ಮಾಡಬೇಕಾದ ಕೆಲಸ ನೀರಿನ ಡ್ರಮ್ಮಿನಲ್ಲಿದೆ. ಅರಸೀಕೆರೆ, ಕಡೂರಿನಂಥ ಒಣ ತಾಲೂಕುಗಳಲ್ಲಿ ನೀರು ದಿನ ಬಿಟ್ಟು ದಿನ ಬರುವ ಕಡೆ ಡ್ರಮ್ಮು, ತೊಟ್ಟಿ ತುಂಬಿಟ್ಟುಕೊಳ್ಳದೆ ಗತಿಯಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಬೇಕು. ಸುಮ್ನೆ ನೀರು ಚೆಲ್ಲಿದರೆ ಸಾಲದು, ಒಳಗಿನ ಗೋಡೆಯನ್ನು ತಿಕ್ಕಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಬಿದ್ದ ಕೂಡಲೇ ಮತ್ತೆ ಶುರು.

ಡೆಂಗಿಯಲ್ಲಿ ಟೀಚರಿಗೂ ಮನೆಯವರಿಗೂ ಗೊತ್ತಿರಬೇಕಾದದ್ದು ಇನ್ನೊಂದಿದೆ. ಜ್ವರ ಇಳಿದ ಕೂಡಲೇ ಮಗುವಿಗೆ ವಾಸಿಯಾಯಿತು ಅಂತ ಮರುದಿನವೇ ಕಳಿಸುತ್ತಾರೆ. ಅಪಾಯ ಇರುವುದು ಆಗಲೇ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲೇ ಕೆಲವು ಮಕ್ಕಳ ಸ್ಥಿತಿ ಕೆಡುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ಮಂಪರು, ಮೂಗು ಅಥವಾ ಒಸಡಿನಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ದಿನಾ ಮಗುವನ್ನು ನೋಡುವ ಟೀಚರ್ ಇದ್ದರೆ 'ಇವಳು ಇವತ್ತು ಎಂದಿನ ಹಾಗಿಲ್ಲ' ಎಂದು ಹೇಳಬಲ್ಲರು. ತಾಯಿ ತೋಟಕ್ಕೆ ಹೋದ ಹೊತ್ತಿನಲ್ಲಿ ಅದನ್ನು ಗಮನಿಸುವವರು ಬೇರೆ ಯಾರಿದ್ದಾರೆ?

ಮಂಗನ ಕಾಯಿಲೆಯ ಕಥೆ ಇನ್ನೂ ವಿಚಿತ್ರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ ಕೊಪ್ಪ, ಎನ್.ಆರ್.ಪುರ, ಶೃಂಗೇರಿಯವರಿಗೆ ಹೊಸದೇನಲ್ಲ. ಹರಡುವುದು ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಜಾಸ್ತಿ ಕಾಣುವುದು ಡಿಸೆಂಬರ್‌ನಿಂದ ಮೇವರೆಗೆ. ಆಗಲೇ ಕಾಫಿ ಕುಯ್ಲು, ಆಗಲೇ ಕೊಟ್ಟಿಗೆಗೆ ದರಗು, ಅಂದರೆ ಕಾಡಿನ ಒಣ ಎಲೆ, ತರುವುದು, ಸೌದೆ ತರುವುದು. ಈಗ ಯೋಚನೆ ಮಾಡಿ. ಭಯದಿಂದ ಅಂಗನವಾಡಿ ಮುಚ್ಚಿದರೆ ಮಗು ಎಲ್ಲಿಗೆ ಹೋಗುತ್ತದೆ? ತಾಯಿಯ ಜೊತೆ ದರಗಿನ ರಾಶಿಗೇ. ಕಾಡಿನ ಅಂಚಿನ ಊರಿನಲ್ಲಿ ಗುಡಿಸಿದ ಅಂಗಳವಿರುವ ಅಂಗನವಾಡಿ ಮಗುವಿಗೆ ಹೆಚ್ಚು ಕ್ಷೇಮ. ಆ ತಿಂಗಳುಗಳಲ್ಲಿ ಮುಚ್ಚುವ ಬದಲು ಒಂದು ಗಂಟೆ ಮೊದಲೇ ತೆರೆದು, ತಾಯಿ ವಾಪಸ್ ಬರುವವರೆಗೆ ನಡೆಸಿದರೆ ಕೆಲಸವಾಗುತ್ತದೆ. ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ದೊಡ್ಡವರಿಗೆ ಅಲ್ಲೇ ಸಿಗುವ ಹಾಗೆ ಮಾಡಬಹುದು.

ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಕಾಯಿಲೆ ಮಾತ್ರ ನಿಜವಾಗಿಯೂ ಪುಟ್ಟ ಮಕ್ಕಳ ಕೋಣೆಯ ರೋಗ. 2022ರಲ್ಲಿ ಕೇರಳದಿಂದ 'ಟೊಮೆಟೊ ಜ್ವರ' ಅಂತ ಸುದ್ದಿಯಾಗಿ ಎಲ್ಲರೂ ಹೆದರಿದ್ದರಲ್ಲ, ಅದೇ ಜಾತಿಯದು. ಜೊಲ್ಲು, ಗುಳ್ಳೆಯ ನೀರು, ಮಲದಿಂದ ಹರಡುತ್ತದೆ. ಹೆಚ್ಚಿನ ಮಕ್ಕಳಿಗೆ ಏಳರಿಂದ ಹತ್ತು ದಿನದಲ್ಲಿ ವಾಸಿಯಾಗುತ್ತದೆ. ಕಾಯಿಲೆಯ ಮಗುವನ್ನು ಮನೆಯಲ್ಲಿಟ್ಟು, ಆಟದ ಸಾಮಾನು ತೊಳೆದು, ಕೈ ತೊಳೆಸಿದರೆ ಆಯಿತು. ತುಂಬ ಮಕ್ಕಳಿಗೆ ಬಂದಾಗ ಒಂದು ವಾರ ಮುಚ್ಚಿದರೂ ತಪ್ಪಿಲ್ಲ. ಈ ವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪೇ ಮೇಲು. ಕೊರೊನಾ ಆದಮೇಲೆ ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ಕೈ ತೊಳೆದುಕೊಂಡ ಹಾಗೆ ಕೂತವರು ಇದನ್ನು ಗಮನಿಸಬೇಕು.

ಕೊರೊನಾದಂತೆ ಗಾಳಿಯಲ್ಲಿ ಹರಡುವುದಕ್ಕೆ ಮದ್ದು ಗಾಳಿಯೇ. ಕಿಟಕಿ ತೆರೆಯುವುದು, ಹೊರಗೆ ಕೂರಿಸುವುದು, ಮಕ್ಕಳನ್ನು ಎರಡು ಗುಂಪು ಮಾಡಿ ಕರೆಸುವುದು. ಕಡೂರಿನಲ್ಲಿ ಬೇವಿನ ಮರದ ಕೆಳಗೆ ಕೂರಿಸಬಹುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಅಂದರೆ ಮಳೆ. ಇಲ್ಲಿ ಬೇಕಾದದ್ದು ಮೂರು ಕಡೆ ತೆರೆದ, ಮೇಲೆ ಶೀಟು ಹೊದಿಸಿದ ಒಂದು ಅಗಲವಾದ ಜಗಲಿ. ರಾಜ್ಯಕ್ಕೆಲ್ಲ ಒಂದೇ ನಮೂನೆಯ ಸುತ್ತೋಲೆ ಬರೆದರೆ ಇದು ಹೊಳೆಯುವುದಿಲ್ಲ.

ಲಸಿಕೆಯ ಬಗ್ಗೆ ಎರಡೇ ಮಾತು. ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ದಡಾರದ ಲಸಿಕೆ 9 ತಿಂಗಳಿಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. 2020ರಲ್ಲಿ ದೇಶದ ತುಂಬ ಲಕ್ಷಗಟ್ಟಲೆ ಮಕ್ಕಳ ಲಸಿಕೆ ಹಿಂದೆ ಬಿತ್ತು. 2022ರ ಕೊನೆಗೆ ಮುಂಬೈಯಲ್ಲಿ ದಡಾರ ಎದ್ದದ್ದಕ್ಕೆ ಅದೂ ಒಂದು ಕಾರಣ. ಏನೇ ಮುಚ್ಚಿದರೂ ಗುರುವಾರ ಮುಚ್ಚಬಾರದು.

ಇನ್ನು ಎಸ್ಟೇಟ್ ಲೈನ್‌ಗಳ, ಅಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆಗಳ ವಿಷಯ. ನಮ್ಮ ಕಡೆಯ ಲೇಖನಗಳಲ್ಲೂ ಇದು ಬಿಟ್ಟುಹೋಗುತ್ತದೆ. ಕುಯ್ಲಿನ ಕಾಲಕ್ಕೆ ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕದಿಂದ ಸಂಸಾರ ಸಮೇತ ಬರುತ್ತಾರೆ. ಮಕ್ಕಳು ಲೈನ್ ಮನೆಯ ಮುಂದೆ, ಇಲ್ಲವೇ ಕಾಫಿ ಗಿಡದ ಬುಡದಲ್ಲಿ ಗೋಣಿ ಹಾಸಿಕೊಂಡು. 50 ಹೆಂಗಸರು ಕೆಲಸ ಮಾಡುವ, ಅಥವಾ ಅವರ ಮಕ್ಕಳು 20 ಇರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ಆದರೆ ನಮ್ಮಲ್ಲಿ ತೋಟಗಳು ಹೆಚ್ಚಿನವು ಸಣ್ಣವು. ಹತ್ತಿಪ್ಪತ್ತು ಎಕರೆಯ ಸಾಹುಕಾರರ ಬಳಿ ಎಂಟು ಹತ್ತು ಜನ ಆಳು. ಅವರ ಮಕ್ಕಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ರೋಗ ಬಂದಾಗ ಊರಿನವರು 'ಹೊರಗಿನವರು ಬರಬೇಡಿ' ಅಂದರೆ ಮೊದಲು ಹೊರಗುಳಿಯುವುದೂ ಅವರೇ. 2025ರ ಜುಲೈನಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖ ತೋರಿಸಬೇಕು. ಊರು ಬಿಟ್ಟು ಬಂದವರ ಹೆಸರನ್ನು ಇಲ್ಲಿಗೆ ವರ್ಗ ಮಾಡಿಕೊಳ್ಳುವ ಸೌಲಭ್ಯ ಅದರಲ್ಲಿ ಇದೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಟೀಚರಿಗೆ ಅದನ್ನು ಮಾಡಲು ಬಿಡುವು ಬೇಕಷ್ಟೇ. ರೋಗದ ತಿಂಗಳುಗಳಲ್ಲಾದರೂ ಮುಖ ಆಮೇಲೆ ನೋಡೋಣ, ಮೊದಲು ಪುಷ್ಟಿಯ ಪ್ಯಾಕೆಟ್ ಕೊಡಿ ಅನ್ನುವ ಆದೇಶ ಇರಬೇಕು. 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ರೂಪಿಸಿದ 'ಕೂಸಿನ ಮನೆ' ಉದ್ಯೋಗ ಖಾತ್ರಿ ಕೆಲಸದವರ ಮಕ್ಕಳಿಗಾಗಿ ಬಂದದ್ದು. ಕುಯ್ಲಿನ ಪಂಚಾಯಿತಿಗಳಲ್ಲಿ ಅದನ್ನು ತೋಟದ ಕೂಲಿಯವರಿಗೂ ತೆರೆದರೆ ಸಣ್ಣ ತೋಟಗಳ ಈ ತೂತು ಸ್ವಲ್ಪ ಮುಚ್ಚುತ್ತದೆ.

ಖಾಸಗಿ ನರ್ಸರಿ, ಪ್ಲೇಹೋಂಗಳ ಬಗ್ಗೆ ಕನಿಕರ ಕಡಿಮೆ. 'ಫೀಸು ಕಿತ್ತುಕೊಳ್ಳೋರು' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹಾಸನದ ಬಡಾವಣೆಯೊಂದರಲ್ಲಿ ಬಾಡಿಗೆ ಮನೆಯಲ್ಲಿ ನಡೆಯುವ ಪ್ಲೇಹೋಂ ಅಂತ ಇಟ್ಟುಕೊಳ್ಳಿ. 30 ಮಕ್ಕಳು, ತಿಂಗಳಿಗೆ ಸಾವಿರ ರೂಪಾಯಿ. ಬಂದದ್ದು 30,000. ಬಾಡಿಗೆ 8,000, ಇಬ್ಬರು ಮಿಸ್‌ಗಳಿಗೆ 12,000, ಆಯಾಗೆ 4,000. ಕರೆಂಟು, ನೀರು, ಬಣ್ಣದ ಪೆನ್ಸಿಲ್ ಎಲ್ಲ ಕಳೆದು ನಡೆಸುವಾಕೆಗೆ ನಾಲ್ಕೈದು ಸಾವಿರ ಉಳಿದರೆ ಹೆಚ್ಚು. ಮುಚ್ಚಿದ ಮೊದಲ ತಿಂಗಳೇ ಫೀಸು ಸೊನ್ನೆ. ಬಾಡಿಗೆ ಮಾತ್ರ ಹಾಗೇ ಓಡುತ್ತದೆ. ನನ್ನ ಪರಿಚಯದ ಒಬ್ಬರು 2020ರ ದಸರಾ ಹೊತ್ತಿಗೆ ಮಕ್ಕಳ ಪುಟ್ಟ ಕುರ್ಚಿಗಳನ್ನು ಮಾರಿ ಚಕ್ಕುಲಿ, ಕೋಡುಬಳೆಗೆ ಇಳಿದರು. ಚೆನ್ನಾಗಿಯೇ ನಡೆಯಿತು. ವಾಪಸ್ ಬರಲಿಲ್ಲ. ಅವರ ಇಬ್ಬರು ಮಿಸ್‌ಗಳಲ್ಲಿ ಒಬ್ಬರು ಈಗ ಗಾರ್ಮೆಂಟ್ಸ್‌ನಲ್ಲಿದ್ದಾರೆ. ಮಕ್ಕಳನ್ನು ನಿಭಾಯಿಸುವ ಹತ್ತು ವರ್ಷದ ಅನುಭವ ಹಾಗೆ ಹೋಯಿತು. ಮತ್ತೆ ತೆರೆಯಿರಿ ಅಂದಾಗ ತೆರೆಯಲು ಯಾರಿರುತ್ತಾರೆ ಎನ್ನುವುದನ್ನು ಮುಚ್ಚುವ ದಿನವೇ ಕೇಳಿಕೊಳ್ಳಬೇಕು.

2021ರ ಜೂನ್‌ನಲ್ಲಿ ಸರ್ಕಾರ ಒಂದು ಪ್ಯಾಕೇಜ್ ಕೊಟ್ಟಿತು. ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000, ಆಶಾ ಕಾರ್ಯಕರ್ತೆಯರಿಗೆ 3,000, ಅಂಗನವಾಡಿಯವರಿಗೆ 2,000 ರೂಪಾಯಿ. ಒಂದೇ ಸಲಕ್ಕೆ. ಇಂಥ ಹಣ ಕೈಗೆ ಬರಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಎಲ್ಲೂ ನೋಂದಣಿಯಾಗದ ಪ್ಲೇಹೋಂಗಳ ಮಿಸ್‌ಗಳ ಹೆಸರು ಯಾವ ಪಟ್ಟಿಯಲ್ಲಿರುತ್ತದೆ? ನೋಂದಣಿ ಅಂದರೆ ಇನ್‌ಸ್ಪೆಕ್ಷನ್ ಕಾಟ, ಲಂಚ ಅಂತ ಹೆದರಿ ದೂರ ಇರುವವರಿಗೂ ಹೇಳುತ್ತೇನೆ, ಕಷ್ಟಕಾಲದಲ್ಲಿ ಆ ಒಂದು ಕಾಗದವೇ ಆಧಾರ. ಸರ್ಕಾರವೂ ಅದನ್ನು ಸರಳ ಮಾಡಬೇಕು. ಎರಡು ಪುಟದ ಅರ್ಜಿ, ಮಕ್ಕಳ ಮತ್ತು ಸಿಬ್ಬಂದಿಯ ಪಟ್ಟಿ, ಒಂದು ಬ್ಯಾಂಕ್ ಖಾತೆ. ಮುಚ್ಚಲು ಹೇಳಿದ ತಿಂಗಳಿಂದಲೇ ಸಿಬ್ಬಂದಿಗೆ ಸಂಬಳದ ಒಂದು ಪಾಲು. ಬದಲಿಗೆ ಅವರು ವಾರಕ್ಕೊಮ್ಮೆ ತಮ್ಮ ಮಕ್ಕಳ ಮನೆಗೆ ಹೋಗಿ ಬರಲಿ.

ಅಂಗನವಾಡಿಯವರಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ ಅಂತ 2018ರ ಅಕ್ಟೋಬರ್‌ನಲ್ಲಿ ನಿಗದಿಯಾಯಿತು. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸಿ ಕೊಡುತ್ತದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಅಂದಮೇಲೆ ಅವರು 'ಸ್ವಯಂಸೇವಕಿಯರು' ಅನ್ನುವ ನೆಪ ಸ್ವಲ್ಪ ಸಡಿಲವಾಗಿದೆ. ರೋಗ ಬಂದಾಗ ಅವರ ಕೇಂದ್ರಕ್ಕೆ ರಜೆ, ಅವರಿಗೆ ರಜೆಯಿಲ್ಲ. ಕೊರೊನಾ ಕಾಲದಲ್ಲಿ ಮನೆ ಸಮೀಕ್ಷೆ ಅವರದೇ, ರೇಷನ್ ಹಂಚಿಕೆ ಅವರದೇ. ಮಕ್ಕಳನ್ನು ಸೇರಿಸಿದರೆ ಸೋಂಕು ಹರಡುತ್ತದೆ ಅಂದವರೇ ಟೀಚರನ್ನು ದಿನಕ್ಕೆ ನಲವತ್ತು ಮನೆಯ ಬಾಗಿಲಿಗೆ ಕಳಿಸಿದರು.

ಮನೆಯವರು ಇಟ್ಟುಕೊಳ್ಳಬೇಕಾದ ಎರಡು ನಂಬರ್ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳ ಸಹಾಯವಾಣಿ 1098, ಆರೋಗ್ಯ ಸಹಾಯವಾಣಿ 104. ತಾಯಿ ಕಾರ್ಡನ್ನು ಎಲ್ಲಿಗೆ ಹೋದರೂ ಜೊತೆಗಿಟ್ಟುಕೊಳ್ಳಿ, ಬೇರೆ ಊರಿನಲ್ಲಿ ಮಗುವಿನ ಲಸಿಕೆಗೆ ಅದೇ ಸಾಕ್ಷಿ.

2020ರಲ್ಲಿ ಹುಟ್ಟಿದ ಕೂಸುಗಳು ಒಂದನೇ ಕ್ಲಾಸು ಹತ್ತಿಯಾಯಿತು. ಅವರಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಂಗನವಾಡಿಯನ್ನು ಸರಿಯಾಗಿ ನೋಡದೆಯೇ ಶಾಲೆಗೆ ಹೋದವರು, ಹೈಸ್ಕೂಲಿನ ಕಡೆ ನಡೆಯುತ್ತಿದ್ದಾರೆ. ಕಳೆದ ತಿಂಗಳು ಅದೇ ಸಕಲೇಶಪುರದ ಕಡೆಯ ಟೀಚರ್ ಸಿಕ್ಕಿದ್ದರು. ಸಹಾಯಕಿ ಡ್ರಮ್ಮು ಮಗುಚಿ ತಿಕ್ಕುತ್ತಿದ್ದರು. ಇನ್ನೊಮ್ಮೆ ಅಂಥದ್ದು ಬಂದರೆ ನಿಮಗೆ ಏನು ಬೇಕು ಅಂತ ಕೇಳಿದೆ. ದೊಡ್ಡದೇನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಬೆರಳು ಮಡಿಚಿ ಎಣಿಸಿದರು. "ಈ ಡ್ರಮ್ಮಿಗೆ ಸರಿಯಾದ ಮುಚ್ಚಳ. ಜಗಲಿಗೆ ಶೀಟು, ಇಲ್ಲಿಂದ ಆ ಕಂಬದವರ್ಗೂ. ಹಂಚೋಕೆ ಹೋಗ್ವಾಗ ಒಂದು ಆಟೋ. ಆಮೇಲೆ ಮುಚ್ಚಿ ಅನ್ನೋ ಆದೇಶ ವಾಟ್ಸಾಪಲ್ಲಿ ಬರೋಕೆ ಮುಂಚೆ, ನಿಮ್ಮೂರಲ್ಲಿ ಹೆಂಗಿದೆ ಅಂತ ನಂಗೊಂದು ಫೋನು."